ಸಾಹೇಬರ ಸಿಂಥಸೈಜರ್ ಉಸಿರಾಡಿದ್ದು

"ಬರೋ ಭಾನುವಾರ ಈ ಮನೇಲಿ ಇತಿಹಾಸ ಸೃಷ್ಟಿಯಾಗುತ್ತೆ, ನೋಡ್ತಿರು!" ಎಂದು ಲಿಫ್ಟ್ ಸಾಹೇಬರು ಘೋಷಿಸಿದಾಗ ಅವರ ಹೆಂಡತಿ ಇಸ್ತ್ರಿ ಮೇಜಿನ ಮೇಲೆ ಮಕ್ಕಳ ಗಣಿತದ ಉತ್ತರಪತ್ರಿಕೆಗಳನ್ನು ತಿದ್ದುತ್ತಿದ್ದರು.

"ಇತಿಹಾಸ ಆಮೇಲಾಗ್ಲಿ. ಮೊದ್ಲು ಆ ಕೆಂಪು ಪೆನ್ ಕೊಡಿ, ನಿಮ್ಮ ಕಾಲ ಕೆಳಗಿದೆ."

ಸಾಹೇಬರು ಕಾಲೆತ್ತಿ ಪೆನ್ನು ಕೊಟ್ಟರು. ಇತಿಹಾಸ ಸೃಷ್ಟಿಸುವವರು ಇಂಥ ಸಣ್ಣಪುಟ್ಟ ಕೆಲಸಕ್ಕೆ ಬೇಸರಿಸಬಾರದು.

ಲಿಫ್ಟ್ ಸಾಹೇಬರು ಎಂದರೆ ಲಿಫ್ಟ್ ಇಟ್ಟುಕೊಂಡವರಲ್ಲ, ಲಿಫ್ಟುಗಳನ್ನು ತಪಾಸಣೆ ಮಾಡುವ ಇಲಾಖೆಯವರು. ಎತ್ತರದ ಕಟ್ಟಡಗಳ ನೆತ್ತಿಯ ಮೇಲೆ, ಪಾರಿವಾಳಗಳಿಗೂ ಬೇಡವಾದ ಮೋಟಾರ್ ಕೋಣೆಗಳಲ್ಲಿ ನಿಂತು, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ಕಿವಿಗೊಡುವುದೇ ಅವರ ಉದ್ಯೋಗ. ಹಾಗೆ ನಿಂತವರು "ಕೆಳಗೆಲ್ಲೋ ಒಂದು ಬೋಲ್ಟು ಸಡಿಲವಾಗಿದೆ" ಎಂದರೆಂದರೆ ಮುಗಿಯಿತು. ಹುಡುಕಿದರೆ ಅದು ಸಡಿಲವಾಗಿಯೇ ಇರುತ್ತಿತ್ತು. ಇಲಾಖೆಯಲ್ಲಿ ಅವರ ಕಿವಿಗೆ ಎಷ್ಟು ಗೌರವವೆಂದರೆ, ಅವರಿಗೆ ನೆಗಡಿಯಾದಾಗ ತಪಾಸಣೆಗಳನ್ನೇ ಮುಂದೂಡುತ್ತಿದ್ದರು.

ಈ ಕಿವಿಗೆ ಬಿಡುವಿನ ವೇಳೆಯಲ್ಲಿ ಬಿದ್ದ ಚಟವೇ ಹಳೆಯ ಕಾಲದ ಸಿಂಥಸೈಜರ್.

ಇದನ್ನು ನೋಡದವರಿಗಾಗಿ ಎರಡು ಮಾತು. ಹಾರ್ಮೋನಿಯಂ ಒಂದು ಹಳೆಯ ಟೆಲಿಫೋನ್ ಎಕ್ಸ್‌ಚೇಂಜನ್ನು ಮದುವೆಯಾದರೆ ಹುಟ್ಟುವ ಮಗು ಹೇಗಿರಬಹುದೋ ಹಾಗಿರುತ್ತದೆ. ಕೆಳಗೆ ಕಪ್ಪು-ಬಿಳಿ ಕೀಲಿಗಳ ಮಣೆ, ಮೇಲೆ ಗೋಡೆಯಂತೆ ನಿಂತ ಹಲಗೆ, ಹಲಗೆಯ ತುಂಬ ತಿರುಪುಗುಂಡಿಗಳು, ತೂತುಗಳು, ಒಂದು ತೂತಿನಿಂದ ಇನ್ನೊಂದಕ್ಕೆ ಚುಚ್ಚುವ ತಂತಿಗಳು. ಎರಡೂ ಕೆನ್ನೆಗೆ ಮರದ ಪಟ್ಟಿ. ಒಳಗೆ ಕಂಪ್ಯೂಟರಿನ ಸುಳಿವೂ ಇಲ್ಲ, ಬರೀ ಕರೆಂಟೇ ನಡುಗಿ, ಗುನುಗಿ, ಸ್ವರವಾಗುವುದು. ಮಾಡಿದ ಕಂಪನಿ ಎಂದೋ ಬಾಗಿಲು ಹಾಕಿದೆ. ಮಾಡಿದ್ದೇ ಕೆಲವು, ಉಳಿದಿರುವುದು ಅದರಲ್ಲೂ ಕೆಲವು.

"ಇದಕ್ಕೆ ನೆನಪಿನ ಶಕ್ತಿ ಇಲ್ಲ ಕಣೇ!" ಎಂದು ಸಾಹೇಬರು ಹೆಂಡತಿಗೆ ಹೆಮ್ಮೆಯಿಂದ ಹೇಳಿದ್ದರು. "ಇವತ್ತು ಬಂದ ಸ್ವರ ನಾಳೆ ಬರಲ್ಲ. ಗುಂಡಿ ಒಂದು ಕೂದಲೆಳೆ ಆಚೆ ಹೋದ್ರೆ ಮುಗೀತು, ಜನ್ಮದಲ್ಲಿ ಮತ್ತೆ ಸಿಗಲ್ಲ."

"ಮತ್ತೆ ಅದಕ್ಕೆ ಯಾಕ್ರೀ ಇಷ್ಟು ಸಂಭ್ರಮ? ನಮ್ಮ ಸ್ಕೂಲಲ್ಲಿ ಅಂಥವು ಕ್ಲಾಸಿಗೆ ಹತ್ತಿವೆ."

"ಚಳಿಯಾದ್ರೆ ಶ್ರುತಿ ಇಳಿಯುತ್ತೆ, ಸೆಕೆಯಾದ್ರೆ ಏರುತ್ತೆ. ಹಾಕಿದ ತಕ್ಷಣ ಹಾಡಲ್ಲ, ಮೈ ಕಾಯಬೇಕು. ಮನುಷ್ಯರ ಹಾಗೆ!"

"ಮನುಷ್ಯರ ಹಾಗಲ್ಲ. ನಿಮ್ಮ ಹಾಗೆ" ಎಂದು ಹೆಂಡತಿ, ಅಂದರೆ ನಮ್ಮ ಗಣಿತದ ಟೀಚರ್, ಮಾತು ಮುಗಿಸಿದ್ದರು.

ಟೀಚರ್‌ಗೆ ಸಂಗೀತದ ಮೇಲೆ ದ್ವೇಷವಿರಲಿಲ್ಲ. ಅವರ ತಕರಾರು ಜಾಗದ್ದು. ಯಂತ್ರ ಬಂದು ಕೂತದ್ದು ಅವರ ಓದುವ ಕೋಣೆಯಲ್ಲಿ. ಮೊದಲು ಮೂಲೆಯಲ್ಲಿ ಕೂತಿತು. ಮೂಲೆಯಲ್ಲಿ ಗಾಳಿಯಾಡುವುದಿಲ್ಲವೆಂದು ಗೋಡೆಯ ನಡುವೆ ಬಂತು. ನಡುವೆ ಬಂದಮೇಲೆ ಮೇಜು ಹೊರಗೆ ಹೋಯಿತು. ಮೇಜಿನ ಹಿಂದೆ ಟೀಚರ್ ಹೋದರು. ಅಂದಿನಿಂದ ವರ್ಗಮೂಲ, ಘನಮೂಲಗಳೆಲ್ಲ ಇಸ್ತ್ರಿ ಮೇಜಿನ ಮೇಲೆ. ಸಾಹೇಬರ ಅಂಗಿಗಳು ಸುಕ್ಕಾಗಿಯೇ ಇಲಾಖೆಗೆ ಹೋಗುತ್ತಿದ್ದವು.

ಕೊನೆಗೊಂದು ದಿನ ಟೀಚರ್ ತೀರ್ಪು ಕೊಟ್ಟರು. "ನೋಡಿ, ನಿಮ್ಮನ್ನು ಬಿಟ್ಟು ಇನ್ನೊಬ್ಬರಿಗೆ, ಒಬ್ಬೇ ಒಬ್ಬರಿಗೆ, ಆ ಯಂತ್ರದಿಂದ ಉಪಯೋಗ ಇದೆ ಅಂತ ತೋರಿಸಿ. ಅದು ಅಲ್ಲೇ ಇರ್ಲಿ, ನಾನು ಇಸ್ತ್ರಿ ಮೇಜಿನ ಮೇಲೇ ನಿವೃತ್ತಿ ಆಗ್ತೀನಿ. ಇಲ್ಲಾಂದ್ರೆ ಅದನ್ನ ಆ ಒರಿಜಿನಲ್‌ಗೆ ಕೊಟ್ಟುಬಿಡಿ."

ಒರಿಜಿನಲ್ ಎಂದರೆ ಹಳೇ ಸಿಂಥ್ ಬಳಗದ ಹಿರಿಯ ಸದಸ್ಯ. ಬಳಗವಿರುವುದು ಫೋನಿನಲ್ಲಿ. ಸದಸ್ಯರು ಬೆಳಗಾದರೆ ತಮ್ಮ ತಮ್ಮ ಯಂತ್ರಗಳ ಫೋಟೋ ಹಾಕುತ್ತಾರೆ, ಉಳಿದವರು ನಿಟ್ಟುಸಿರು ಬಿಡುತ್ತಾರೆ. ಯಾರು ಏನೇ ಹಾಕಲಿ, ಈ ಮಹಾಶಯ ಕೇಳುವುದು ಒಂದೇ ಪ್ರಶ್ನೆ: "ಸ್ಕ್ರೂ ಒರಿಜಿನಲ್ಲಾ?" ಸಾಹೇಬರ ಯಂತ್ರದ ಮೇಲೆ ಆತನಿಗೆ ಬಹಳ ದಿನದಿಂದ ಕಣ್ಣು. ಯಾಕೆಂದರೆ, ಅದು ಉಸಿರಾಡುತ್ತಿತ್ತು!

ಹೌದು. ಕೆಳಗಿನ ಸ್ವರವೊಂದನ್ನು ಒತ್ತಿ ಹಿಡಿದರೆ, ಮೊದಲು ಸುಮ್ಮನೆ ಮೊಳಗುತ್ತಿತ್ತು. ಸ್ವಲ್ಪ ಹೊತ್ತಿಗೆ ಆಳದಲ್ಲೆಲ್ಲೋ ಒಂದು ನಡುಕ ಹುಟ್ಟುತ್ತಿತ್ತು. ದೊಡ್ಡ ಪ್ರಾಣಿಯೊಂದು ನಿದ್ದೆಯಲ್ಲಿ ಮಗ್ಗುಲಾದಂತೆ. ಆ ನಡುಕ ಸ್ವರವನ್ನೆಲ್ಲ ತುಂಬಿಕೊಂಡು, ಮಿನುಗಿ, ಹಾಗೇ ಅಲೆಯಾಡಿ, ಕೊನೆಗೆ ಒಂದು ಸಣ್ಣ ಬಿಕ್ಕಿನೊಂದಿಗೆ ನಿಂತುಬಿಡುತ್ತಿತ್ತು. ಯಾವ ಗುಂಡಿಯಿಂದಲೂ ಅದನ್ನು ತರಿಸಲಾಗದು, ಯಾವ ಗುಂಡಿಯಿಂದಲೂ ತಡೆಯಲಾಗದು. ಸಾಹೇಬರು ಅದರ ಧ್ವನಿಮುದ್ರಿಕೆಯನ್ನು ಬಳಗಕ್ಕೆ ಹಾಕಿದ ದಿನ ಯಾರೂ ಸ್ಕ್ರೂ ಬಗ್ಗೆ ಮಾತಾಡಲಿಲ್ಲ. ಒಳಗಿನ ಬಿಡಿಭಾಗ ಹದವಾಗಿ ಮಾಗಿದೆ ಎಂದರೊಬ್ಬರು. ಹಿಂದಿನ ಯಜಮಾನ ಯಾರೋ ಬಹಳ ನೊಂದಿರಬೇಕು ಎಂದರಿನ್ನೊಬ್ಬರು. "ಯಂತ್ರಕ್ಕೂ ಆತ್ಮವುಂಟು" ಎಂದು ಸಾಹೇಬರೇ ಒಂದು ಉದ್ದನೆಯ ಲೇಖನ ಬರೆದರು. ಅದನ್ನು ಓದಿದ ಟೀಚರ್, ಹದಿನಾರು ಕಾಗುಣಿತದ ತಪ್ಪುಗಳನ್ನು ಮಾತ್ರ ಗುರುತಿಸಿ ಹಿಂದಿರುಗಿಸಿದರು.

ಆ ಮುದ್ರಿಕೆ ಕೈಯಿಂದ ಕೈಗೆ ಹಾರಿ ಒಬ್ಬ ಸಂಗೀತ ನಿರ್ದೇಶಕಿಯನ್ನು ಮುಟ್ಟಿತು. ಆಕೆ ಸಿನಿಮಾಗಳಿಗೆ ಹಿನ್ನೆಲೆ ಸಂಗೀತ ಮಾಡುವವರು. ಒಂದು ಚಿತ್ರದಲ್ಲಿ ನಾಯಕ ಅರ್ಧ ಸಿನಿಮಾ ಮಾತೇ ಆಡುವುದಿಲ್ಲವಂತೆ. ಆ ಮೌನಕ್ಕೆ ಒಂದು ಸದ್ದು ಬೇಕಿತ್ತಂತೆ. "ನಿಮ್ಮ ಯಂತ್ರದ ಉಸಿರು ನನಗೆ ಬೇಕು. ಭಾನುವಾರ ಬರುತ್ತೇನೆ" ಎಂದು ಬರೆದಿದ್ದರು.

ಇತಿಹಾಸದ ಹಿನ್ನೆಲೆ ಇಷ್ಟು. ಇನ್ನು ಸಾಹೇಬರ ಪೂರ್ವತಯಾರಿ.

"ಭಾನುವಾರ ಈ ಮನೇಲಿ ಸೂಜಿ ಬಿದ್ರೂ ಕೇಳಬಾರ್ದು" ಎಂದು ಅವರು ಆಜ್ಞೆ ಹೊರಡಿಸಿದರು. ಗೋಡೆ ಗಡಿಯಾರದ ಸೆಲ್ಲು ಕಿತ್ತರು. ಬಾಗಿಲ ಕೀಲುಗಳಿಗೆ ಎಣ್ಣೆ ಬಿಟ್ಟರು. ತೊಟ್ಟಿಕ್ಕುವ ನಲ್ಲಿಯ ಬಾಯಿಗೆ ಬಟ್ಟೆ ಸುತ್ತಿದರು. ಆಮೇಲೆ ಅಡುಗೆಮನೆಗೆ ನುಗ್ಗಿ, ಕಣ್ಣು ಮುಚ್ಚಿ, ತಲೆ ಓರೆ ಮಾಡಿ ನಿಂತರು.

"ಈ ಫ್ರಿಜ್ಜು!" ಎಂದು ಬೊಬ್ಬೆ ಹೊಡೆದರು. "ಇದೇನಿದು ಶಬ್ದ? ಕಂಪ್ರೆಸರ್ ಕೆಳಗಿನ ರಬ್ಬರ್ ಸತ್ತು ಎಷ್ಟು ವರ್ಷ ಆಯ್ತು? ಇದೇನಾದ್ರೂ ಲಿಫ್ಟ್ ಆಗಿದ್ರೆ ಇವತ್ತೇ ಬೀಗ ಹಾಕಿಸ್ತಿದ್ದೆ!"

"ಹೊಸದು ತರೋಣ ಅಂತ ನಾನು ಗಂಟಲು ಹರ್ಕೊಂಡಾಗ, ಇದು ಇನ್ನೂ ಗಟ್ಟಿಮುಟ್ಟಾಗಿದೆ ಅಂದವರು ಯಾರು?"

"ಅವತ್ತಿನ ಮಾತು ಬೇರೆ. ಇವತ್ತು ಕಲೆಯ ಪ್ರಶ್ನೆ. ಹೊರಗೆ ಹಾಕು ಇದನ್ನ!"

ಟೀಚರ್ ಎರಡನೇ ಸಲ ಹೇಳಿಸಿಕೊಳ್ಳಲಿಲ್ಲ. ಆತ್ಮವುಳ್ಳ ಯಂತ್ರದಿಂದ ತಮಗೂ ಒಂದು ಉಪಯೋಗವಾಯಿತಲ್ಲ ಎಂದುಕೊಂಡು, ಶನಿವಾರದೊಳಗೆ ಹೊಸ ಫ್ರಿಜ್ ತರಿಸಿದರು. ಅದು ಎಷ್ಟು ಸದ್ದಿಲ್ಲದ್ದೆಂದರೆ, ಓಡುತ್ತಿದೆಯೇ ಎಂದು ಮುಟ್ಟಿ ನೋಡಬೇಕು. ಹಳೆಯದು ಟೀಚರ್ ಅವರ ಅಕ್ಕನ ಮನೆಗೆ, ಅಂದರೆ ಅಕ್ಕನ ಗಂಡನ ಬೇಕರಿಗೆ ಹೋಯಿತು. ಈ ಬೇಕರಿ ಭಾವನಿಗೂ ಸಾಹೇಬರಿಗೂ ಷಡ್ಡಕರಿಗೆ ತಕ್ಕಷ್ಟು ಪ್ರೀತಿಯಿತ್ತು. ಎಂದರೆ, ಒಬ್ಬರ ಹೆಚ್ಚುಗಾರಿಕೆಯನ್ನು ಇನ್ನೊಬ್ಬರು ಜೀವವಿರುವತನಕ ಒಪ್ಪುವುದಿಲ್ಲವೆಂದು ಇಬ್ಬರೂ ಒಪ್ಪಿಕೊಂಡಿದ್ದರು.

ಫ್ರಿಜ್ಜನ್ನು ಸಾಗಹಾಕಿದ ಸಾಹೇಬರು ಕೋಣೆಗೆ ಬಂದು, ಅಡುಗೆಮನೆಯ ಗೋಡೆಗೆ ಬೆನ್ನು ತಾಗಿಸಿ ನಿಂತಿದ್ದ ತಮ್ಮ ಯಂತ್ರವನ್ನು ಮೃದುವಾಗಿ ಒರೆಸಿ, "ಇನ್ನು ನಿನಗೆ ಯಾರ ಕಾಟವೂ ಇಲ್ಲ" ಎಂದರು.

ಭಾನುವಾರ ಸಂಗೀತ ನಿರ್ದೇಶಕಿ ಬಂದರು. ಕತ್ತಿನಲ್ಲಿ ಹೆಡ್‌ಫೋನು, ಕೈಯಲ್ಲಿ ಪೆಟ್ಟಿಗೆ, ಮುಖದಲ್ಲಿ ಒಂದು ಅಕ್ಷರವೂ ವ್ಯರ್ಥ ಮಾಡದ ಗಾಂಭೀರ್ಯ. ಸಾಹೇಬರು ಬೆಳಿಗ್ಗೆಯೇ ಯಂತ್ರಕ್ಕೆ ಕರೆಂಟು ಕೊಟ್ಟು ಮೈ ಕಾಯಿಸಿ, ಮೇಲೊಂದು ಶಾಲು ಹೊದಿಸಿದ್ದರು. ಶಾಲನ್ನು ಪ್ರತಿಮೆ ಅನಾವರಣ ಮಾಡುವಂತೆ ಸರಿಸಿದರು.

"ನುಡಿಸಿ ಸರ್" ಎಂದರು ನಿರ್ದೇಶಕಿ.

ಸಾಹೇಬರು ಕೆಳಗಿನ ಸ್ವರವನ್ನು ಒತ್ತಿದರು. ಸ್ವರ ಮೊಳಗಿತು. ಮೊಳಗುತ್ತಲೇ ಇತ್ತು.

"ಈಗ ಬರುತ್ತೆ" ಎಂದರು ಸಾಹೇಬರು.

ಬರಲಿಲ್ಲ.

"ಹೊಸಬರನ್ನ ಕಂಡ್ರೆ ಸ್ವಲ್ಪ ನಾಚ್ಕೊಳ್ಳುತ್ತೆ."

ನಿರ್ದೇಶಕಿ ಮುಖ ಆ ಕಡೆ ತಿರುಗಿಸಿದರು. ಆಗಲೂ ಬರಲಿಲ್ಲ. ಸಾಹೇಬರು ಗುಂಡಿ ತಿರುಗಿಸಿದರು, ತಂತಿ ಕಿತ್ತು ಚುಚ್ಚಿದರು, ಶಾಲು ಹೊದಿಸಿದರು, ತೆಗೆದರು. ಹಿಂದಿನ ಮುಚ್ಚಳ ಬಿಚ್ಚಿ ಒಳಗೆ ಊದಿದರು. ಒಳಗಿನ ಧೂಳು ಹೊರಗೆ ಬಂತು, ಉಸಿರು ಬರಲಿಲ್ಲ. ಯಂತ್ರ ಹಲ್ಲುಜ್ಜಿ ತಲೆ ಬಾಚಿದ ಹುಡುಗನಂತೆ ಶುದ್ಧವಾಗಿ, ನೇರವಾಗಿ, ಸಪ್ಪೆಯಾಗಿ ಹಾಡುತ್ತಲೇ ಇತ್ತು. ಸಾಹೇಬರ ಹಣೆಯಲ್ಲಿ ಬೆವರು. ಬಾಗಿಲಲ್ಲಿ ನಿಂತ ಟೀಚರ್ ಕೋಣೆಯನ್ನು ಆ ಗೋಡೆಯಿಂದ ಈ ಗೋಡೆಗೆ ಕಣ್ಣಲ್ಲೇ ಅಳೆಯುತ್ತಿದ್ದರು. ಮೇಜು ಎಲ್ಲಿಡಬೇಕೆಂದು ನಿರ್ಧಾರವಾದಂತಿತ್ತು.

"ನೀವು ಕಳಿಸಿದ ಮುದ್ರಿಕೆ ನಕಲಿ ಅಲ್ಲ ತಾನೆ?" ಎಂದರು ನಿರ್ದೇಶಕಿ.

"ನಕಲಿಯಾ!" ಸಾಹೇಬರು ಫೋನು ತೆಗೆದು ಹಳೆಯ ಮುದ್ರಿಕೆಯನ್ನು ಜೋರಾಗಿ ಹಾಕಿದರು. ಸ್ವರ ಮೊಳಗಿತು. ಆಳದಲ್ಲಿ ನಡುಕ ಹುಟ್ಟಿತು, ತುಂಬಿತು, ಮಿನುಗಿತು, ಬಿಕ್ಕಿ ನಿಂತಿತು. "ಕೇಳಿದ್ರಾ? ಇದು ಆತ್ಮ!"

"ರೀ," ಎಂದರು ಟೀಚರ್, "ಇದು ನಮ್ಮ ಫ್ರಿಜ್ ಅಲ್ವೇನ್ರೀ?"

ಕೋಣೆಯಲ್ಲಿ ನಿಜವಾಗಿಯೂ ಸೂಜಿ ಬಿದ್ದರೆ ಕೇಳುವಂತಾಯಿತು.

"ಏನಂದೆ?"

"ಹಳೇ ಫ್ರಿಜ್. ಮೊದ್ಲು ಗುಡುಗುಡು, ಆಮೇಲೆ ಹೂಂ ಅನ್ನುತ್ತೆ, ನಿಲ್ಲೋವಾಗ ಒಂದು ಬಿಕ್ಕಳಿಕೆ. ಮದುವೆಯಾದಾಗಿನಿಂದ ತರಕಾರಿ ಹೆಚ್ಚುತ್ತಾ ಕೇಳ್ತಿದ್ದೀನಿ, ನನಗೆ ಗೊತ್ತಾಗಲ್ವಾ?"

"ಸಾಧ್ಯವೇ ಇಲ್ಲ! ನನ್ನ ಕಿವಿಗೆ..."

ಸಾಹೇಬರ ಕಿವಿಯ ವಿಷಯ ಪೂರ್ತಿ ಹೊರಬರುವ ಮೊದಲೇ ನಿರ್ದೇಶಕಿ ಎದ್ದರು. ಮುಚ್ಚಳ ತೆಗೆದ ಯಂತ್ರದೊಳಗೆ ಇಣುಕಿ, ಒಂದು ತಗಡಿನ ಡಬ್ಬಿಯನ್ನು ತೋರಿಸಿದರು. ಅದರಲ್ಲಿ ಸಣ್ಣ ಸಣ್ಣ ಸ್ಪ್ರಿಂಗುಗಳು ತೂಗಾಡುತ್ತಿದ್ದವು. "ಸ್ವರ ದೊಡ್ಡ ಹಾಲ್‌ನಲ್ಲಿ ಮೊಳಗಿದ ಹಾಗೆ ಕೇಳಿಸಲಿ ಅಂತ ಈ ಸ್ಪ್ರಿಂಗ್ ಮೂಲಕ ಹಾಯಿಸ್ತಾರೆ. ಹೊರಗಿಂದ ಅಲುಗಿಸಿದ್ರೂ ಇವು ನಡುಗ್ತವೆ." ಆಮೇಲೆ ಅಡುಗೆಮನೆಯ ಗೋಡೆಗೆ ಮುಷ್ಟಿಯಿಂದ ಒಂದು ಗುದ್ದು ಕೊಟ್ಟರು.

ಯಂತ್ರ "ಟ್ರೊಂಯ್ಯ್" ಎಂದಿತು.

ಕಟ್ಟಡದ ತುದಿಯಲ್ಲಿ ನಿಂತು ತಳದ ಬೋಲ್ಟನ್ನು ಕೇಳಿಸಿಕೊಳ್ಳುತ್ತಿದ್ದ ಮಹಾನುಭಾವರು, ಗೋಡೆಯಾಚೆಯ ಫ್ರಿಜ್ಜಿಗೆ ಆತ್ಮವೆಂದು ಹೆಸರಿಟ್ಟು ಲೇಖನ ಬರೆದಿದ್ದರು! ಅಷ್ಟೇ ಅಲ್ಲ, ಆ ಆತ್ಮವನ್ನು ತಾವೇ ಬೈದು ಮನೆಯಿಂದ ಹೊರಹಾಕಿದ್ದರು!

"ಫ್ರಿಜ್ ಎಲ್ಲಿದೆ?" ಎಂದರು ನಿರ್ದೇಶಕಿ, ಸ್ವಲ್ಪವೂ ನಗದೆ. "ನನಗೆ ಆ ಸದ್ದು ಬೇಕು. ಸಿಕ್ಕಿದ್ರೆ ತಗೋತೀನಿ. ಇಲ್ಲಾಂದ್ರೆ ಹೊರಡ್ತೀನಿ."

ಸಾಹೇಬರು ಬೇಕರಿಗೆ ಫೋನ್ ಮಾಡಿದರು.

"ಭಾವಾ, ಆ ಫ್ರಿಜ್ಜು ಸ್ವಲ್ಪ ವಾಪಸ್ ಬೇಕಿತ್ತು. ಒಂದೇ ಮಧ್ಯಾಹ್ನಕ್ಕೆ."

"ತಲೆ ಕೆಟ್ಟಿದೆಯೇನಯ್ಯಾ? ಬೆಣ್ಣೆ, ಕ್ರೀಮು, ಮೊಟ್ಟೆ ಎಲ್ಲ ತುಂಬಿದ್ದೀನಿ. ಎರಡು ಹುಟ್ಟುಹಬ್ಬದ ಕೇಕ್ ಒಳಗೆ ಕೂತಿದೆ. ಅದನ್ನ ಅಲ್ಲಾಡಿಸಿದ್ರೆ ನಿನ್ನನ್ನ ಓವನ್‌ಗೆ ಹಾಕ್ತೀನಿ."

ಫ್ರಿಜ್ ಯಂತ್ರದ ಬಳಿಗೆ ಬಾರದಿದ್ದರೆ ಯಂತ್ರವೇ ಫ್ರಿಜ್ಜಿನ ಬಳಿಗೆ ಹೋಗಬೇಕು. ಯಂತ್ರ ಶಾಲು ಹೊದ್ದು, ಸಾಹೇಬರ ತೊಡೆಯ ಮೇಲೆ ಕೂತು, ನಿರ್ದೇಶಕಿಯ ಕಾರಿನಲ್ಲಿ ಬೇಕರಿಗೆ ಬಿಜಯಂಗೈದಿತು. ಪ್ರತಿ ತಿರುವಿನಲ್ಲೂ "ನಿಧಾನ, ನಿಧಾನ" ಎಂಬ ಕೂಗು. ಹಿಂದಿನ ಸೀಟಿನಲ್ಲಿ ಟೀಚರ್. "ನೀನ್ಯಾಕೆ ಬರ್ತೀಯ?" ಎಂದು ಕೇಳಿದ್ದಕ್ಕೆ "ಫಲಿತಾಂಶ ನೋಡೋಕೆ" ಎಂದಿದ್ದರು.

ಬೇಕರಿಯ ಹಿಂದಿನ ಕೋಣೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಒಂದು ಗೋಡೆಗೆ ಕೆಂಡದಂಥ ಓವನ್. ಎದುರು ಗೋಡೆಗೆ ನಮ್ಮ ಫ್ರಿಜ್. ನಡುವೆ ತಟ್ಟೆಗಳು, ಅಚ್ಚುಗಳು, ಹಿಟ್ಟಿನ ಮೂಟೆಗಳು. ಫ್ರಿಜ್ಜಿಗೆ ಒರಗಿದ ಹಲಗೆಯ ಮೇಲೆ ಯಂತ್ರವನ್ನು ಕೂರಿಸಿದ್ದಾಯಿತು. ಅದರ ಮೇಲಿನ ಹಲಗೆಯಲ್ಲಿ ಸಂಜೆಯ ಬನ್ನಿಗಾಗಿ ಕಲಸಿಟ್ಟ ಹಿಟ್ಟಿನ ದೊಡ್ಡ ಡಬರಿ, ಒದ್ದೆ ಬಟ್ಟೆ ಹೊದ್ದು ಉಬ್ಬುತ್ತಾ ಕೂತಿತ್ತು.

ಬೇಕರಿ ಭಾವ ಸೊಂಟದ ಮೇಲೆ ಕೈಯಿಟ್ಟು ಯಂತ್ರವನ್ನು ನೋಡಿದರು. "ಇಷ್ಟಕ್ಕೆ ಇಷ್ಟೊಂದಾ? ನನ್ನ ಫೋನಲ್ಲಿ ಪುಕ್ಕಟೆ ಬರುತ್ತಲ್ಲಯ್ಯಾ ಈ ಸದ್ದು."

"ಫೋನಲ್ಲಿ ಬರೋದು ಚಿತ್ರ ಭಾವಾ. ಇದು ಪ್ರಾಣ."

"ಪ್ರಾಣ ನನ್ನ ಫ್ರಿಜ್ಜಲ್ಲಿದೆಯಂತೆ ಅಂದ್ಲು ನಿನ್ನ ಹೆಂಡ್ತಿ."

ಸಾಹೇಬರು ಸ್ವರ ಒತ್ತಿದರು. ಸ್ವರ ಮೊಳಗಿತು. ಮೊಳಗುತ್ತಾ ಮೊಳಗುತ್ತಾ ಮೇಲಕ್ಕೇರತೊಡಗಿತು. ಓವನ್ನಿನ ಕಾವಿಗೆ ಯಂತ್ರದ ಶ್ರುತಿ ಅಮಲೇರಿದವರ ಧ್ವನಿಯಂತೆ ಹತ್ತುತ್ತಾ ಹೋಯಿತು.

"ಓವನ್ ಆರಿಸ್ಬೇಕು" ಎಂದರು ನಿರ್ದೇಶಕಿ.

"ಓವನ್ ಆರಿಸೋದಾ! ಇಡೀ ಬೀದಿ ಸಂಜೆ ಬನ್ನಿಗೆ ಬರುತ್ತೆ ತಾಯಿ. ಆ ಹಿಟ್ಟು ಕಾಯಲ್ಲ."

"ಭಾವಾ," ಎಂದು ಸಾಹೇಬರು ಕೈ ಮುಗಿದರು. ಜೀವಮಾನದಲ್ಲಿ ಮೊದಲ ಬಾರಿಗೆ ಷಡ್ಡಕನಿಗೆ ಕೈ ಮುಗಿದದ್ದು. ಆ ದೃಶ್ಯವನ್ನು ಇನ್ನೂ ಸ್ವಲ್ಪ ಹೊತ್ತು ನೋಡುವ ಆಸೆಯಿಂದ ಭಾವ ಬೇಕೆಂದೇ ತಡಮಾಡಿ, ಕೊನೆಗೆ ಓವನ್ ಆರಿಸಿದರು. ಅಂಗಡಿಯ ಬಾಗಿಲಿಗೆ "ಸ್ವಲ್ಪ ಹೊತ್ತು ಮುಚ್ಚಿದೆ" ಎಂಬ ಹಲಗೆ ಬಿತ್ತು. ಕಿಟಕಿಗಳು ತೆರೆದವು. ಕೋಣೆ ತಣ್ಣಗಾಯಿತು. ಶ್ರುತಿ ಇಳಿದು ನಿಂತಿತು. ನಿರ್ದೇಶಕಿ ಮೈಕುಗಳನ್ನು ನಿಲ್ಲಿಸಿ, ತಂತಿ ಜೋಡಿಸಿ, ಹೆಡ್‌ಫೋನ್ ಹಾಕಿಕೊಂಡರು.

ಈಗ ಫ್ರಿಜ್ ಸುಮ್ಮನಾಯಿತು.

ಎಲ್ಲರೂ ಕಾದರು. ಫ್ರಿಜ್ ಕಲ್ಲಿನಂತೆ ನಿಂತಿತ್ತು.

"ಒಳಗೆ ಸಾಕಷ್ಟು ತಂಪಿದ್ರೆ ಅದು ಯಾಕ್ರೀ ಓಡುತ್ತೆ?" ಎಂದರು ಟೀಚರ್. "ಸ್ವಲ್ಪ ಸೆಕೆ ಕೊಡಿ ಅದಕ್ಕೆ."

ಫ್ರಿಜ್ಜಿನ ಬಾಗಿಲು ತೆರೆಯಲಾಯಿತು. ಸಾಹೇಬರು ಒಂದು ತಟ್ಟೆ ಹಿಡಿದು ಹೊರಗಿನ ಗಾಳಿಯನ್ನು ಒಳಗೆ ಬೀಸತೊಡಗಿದರು. ರಾಜರಿಗೆ ಚಾಮರ ಬೀಸುವವರೂ ಅಷ್ಟು ಭಕ್ತಿಯಿಂದ ಬೀಸಿರಲಾರರು.

"ನನ್ನ ಬೆಣ್ಣೆ ಕಣಯ್ಯಾ!"

"ಇನ್ನೊಂದು ಚೂರು ಭಾವಾ!"

"ಕ್ರೀಮ್ ಅಳ್ತಾ ಇದೆ ನೋಡಲ್ಲಿ!"

"ಶ್!" ಎಂದರು ನಿರ್ದೇಶಕಿ.

ಗುಡುಗುಡು ಎಂದಿತು ಫ್ರಿಜ್. ಬಾಗಿಲು ಮುಚ್ಚಿದರು. ಹಲಗೆ ನಡುಗಿತು, ಯಂತ್ರ ನಡುಗಿತು, ಯಂತ್ರದೊಳಗಿನ ಸ್ಪ್ರಿಂಗುಗಳು ಎದ್ದವು. ಬಂತು! ಅದೇ ಪ್ರಾಣಿ, ಅದೇ ನಿದ್ದೆ, ಅದೇ ಮಗ್ಗುಲು. ಸಾಹೇಬರ ಕಣ್ಣು ತುಂಬಿತು. ಬೆರಳು ಮಣೆಯ ಮೇಲೆ ಇಳಿಯಬೇಕು, ಅಷ್ಟರಲ್ಲಿ ನಿರ್ದೇಶಕಿ ಅಂಗೈ ಎತ್ತಿ ತಡೆದರು. ಮುಟ್ಟಬೇಡಿ, ಎಂದಿತು ಅಂಗೈ. ಸ್ವರ ಬೇಡ. ಬರೀ ಉಸಿರು ಸಾಕು.

ಸಾಹೇಬರು ಬೆರಳನ್ನು ಗಾಳಿಯಲ್ಲೇ ಮಡಚಿಕೊಂಡರು. ಎದುರಿಗೆ ಭಾವ ಆರಿದ ಓವನ್ನನ್ನೂ ನಿರ್ದೇಶಕಿಯನ್ನೂ ಮತ್ತೆ ಮತ್ತೆ ನೋಡುತ್ತಿದ್ದರು. ಸ್ವರವೇ ಬೇಡವಾಗಿದ್ದರೆ ಶ್ರುತಿಯ ಗೊಡವೆ ಯಾಕೆ, ಓವನ್ ಯಾಕೆ ಆರಿಸಿದ್ದು, ಎಂಬ ಇಡೀ ಭಾಷಣ ಅವರ ಮುಖದ ಮೇಲಿತ್ತು. ಬಾಯಿ ತೆರೆಯುವಂತಿರಲಿಲ್ಲ.

ಆಗಲೇ ಸಾಹೇಬರು ಮೇಲೆ ನೋಡಿದ್ದು. ಡಬರಿಯ ಹಿಟ್ಟು ತನ್ನ ಒದ್ದೆ ಬಟ್ಟೆಯನ್ನು ನೂಕಿ ತಲೆಯೆತ್ತಿತ್ತು. ಓವನ್ ಆರಿದ್ದು, ಬನ್ನಿನ ಹೊತ್ತು ಮೀರಿದ್ದು ಹಿಟ್ಟಿಗೆ ಸಂಬಂಧಿಸಿದ ವಿಷಯಗಳಲ್ಲ. ಅದು ಉಬ್ಬುವ ಜಾತಿ, ಉಬ್ಬಿತು. ಡಬರಿಯ ಅಂಚಿಗೆ ಬಂತು, ಬಗ್ಗಿ ಕೆಳಗೆ ನೋಡಿತು. ಕೆಳಗೆ, ನೇರವಾಗಿ ಕೆಳಗೆ, ಮರದ ಕೆನ್ನೆಯ, ಒರಿಜಿನಲ್ ಸ್ಕ್ರೂಗಳ, ಲೋಕದಲ್ಲಿ ಬೆರಳೆಣಿಕೆಯಷ್ಟೇ ಉಳಿದ ಯಂತ್ರ, ಹಿಂದಿನ ಮುಚ್ಚಳ ಬಿಚ್ಚಿಕೊಂಡು, ಕರುಳು ತೋರಿಸಿಕೊಂಡು ಕೂತಿತ್ತು.

ಕೂಗಿದರೆ ಉಸಿರು ಹಾಳು. ಯಂತ್ರ ಎಳೆದರೆ ಉಸಿರು ಹಾಳು. ಉಸಿರು ಹಾಳಾದರೆ ಯಂತ್ರ ಒರಿಜಿನಲ್‌ನ ಪಾಲು. ಸುಮ್ಮನಿದ್ದರೆ ಯಂತ್ರ ಬನ್ನಿನ ಪಾಲು!

ಭಾವ ಕಣ್ಣಲ್ಲೇ ಹಿಟ್ಟನ್ನು ತೋರಿಸಿ ಹಣೆ ಚಚ್ಚಿಕೊಂಡರು, ಸದ್ದಿಲ್ಲದೆ. ಟೀಚರ್ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ಗಾಬರಿಗೋ ನಗುವಿಗೋ ಹೇಳುವುದು ಕಷ್ಟ. ಹಿಟ್ಟು ಅಂಚು ಬಿಟ್ಟು ಜೋತುಬಿತ್ತು. ಸಾಹೇಬರು ಒಂದು ಹೆಜ್ಜೆ ಮುಂದಿಟ್ಟು, ಎರಡೂ ತೋಳು ಮೇಲೆತ್ತಿ, ಹಿಟ್ಟನ್ನು ಎದೆಗವುಚಿಕೊಂಡರು.

ಹಾಗೇ ನಿಂತರು. ಬೆಟ್ಟ ಎತ್ತಿ ಹಿಡಿದವರ ಕಥೆ ಕೇಳಿದ್ದೇವೆ. ಬೆಟ್ಟಕ್ಕೆ ಒಂದು ಸೌಜನ್ಯವಿರುತ್ತದೆ, ಅದು ಎತ್ತಿದ ಮೇಲೆ ಬೆಳೆಯುವುದಿಲ್ಲ. ಈ ಹಿಟ್ಟು ಬೆಳೆಯಿತು. ಮೊಣಕೈ ದಾಟಿತು, ಅಂಗಿಯ ಜೇಬನ್ನು ತುಂಬಿತು, ಗದ್ದವನ್ನು ನೇವರಿಸಿತು. ಬೀಸಿ ಬೀಸಿ ಒಳಗೆ ಸೆಕೆ ತುಂಬಿದ ಪುಣ್ಯಕ್ಕೆ ಫ್ರಿಜ್ಜೂ ನಿಲ್ಲುವ ಹೆಸರೆತ್ತಲಿಲ್ಲ. ಅದು ಹೂಂಗುಟ್ಟಿತು, ಹೂಂಗುಟ್ಟುತ್ತಲೇ ಇತ್ತು. ನಿರ್ದೇಶಕಿ ಕಣ್ಣು ಮುಚ್ಚಿ ಬೇರೆ ಲೋಕದಲ್ಲಿದ್ದರು. ಸಾಹೇಬರ ಮೂಗಿನ ತುದಿಗೆ ಹಿಟ್ಟು ಬಂದು, ಸೀನು ಬರುವಂತಾಗಿ, ಅದನ್ನು ಅವರು ಹೇಗೋ ಒಳಕ್ಕೆ ನುಂಗಿದರು.

ಅಂತೂ ಫ್ರಿಜ್ ಬಿಕ್ಕಿತು. ನಿಂತಿತು.

"ಅದ್ಭುತ!" ಎಂದು ನಿರ್ದೇಶಕಿ ಕಣ್ಣು ತೆರೆದರು. ಎದುರಿಗೆ ಹಿಟ್ಟಿನಿಂದ ಎರಡು ಕಣ್ಣುಗಳು ನೋಡುತ್ತಿದ್ದವು. "ಸರ್, ನೀವು ಎಲ್ಲಿದ್ದೀರಿ?"

"ಇಲ್ಲೇ," ಎಂದಿತು ಹಿಟ್ಟು. "ಉಸಿರು ಸಿಕ್ತಾ?"

"ಸಿಕ್ತು. ಇಡೀ ಸಿನಿಮಾಗೆ ಸಾಕು."

ಭಾವ ತಡೆದಿಟ್ಟ ಭಾಷಣವನ್ನು ಅಲ್ಲಿಂದ ಆರಂಭಿಸಿದರು. ಅದರ ವಿವರ ಬೇಡ.

ಮನೆಗೆ ಬಂದಮೇಲೆ ಟೀಚರ್ ಮಾತು ಉಳಿಸಿಕೊಂಡರು. ಗಣಿತದವರು, ಕೂಡಿದ್ದನ್ನು ಕಳೆದದ್ದೆಂದು ಹೇಳುವವರಲ್ಲ. "ಇನ್ನೊಬ್ಬರಿಗೆ ಉಪಯೋಗ ಆಯ್ತು. ಯಂತ್ರ ಅಲ್ಲೇ ಇರ್ಲಿ" ಎಂದು ಇಸ್ತ್ರಿ ಮೇಜಿಗೆ ಹೋದರು. ಸಾಹೇಬರು ಕಿವಿಯಲ್ಲಿದ್ದ ಹಿಟ್ಟು ತೆಗೆದು ವಿಜಯದ ನಗೆ ನಕ್ಕರು. ಪ್ರಾಮಾಣಿಕರಾದ್ದರಿಂದ ಬಳಗಕ್ಕೂ ನಿಜವನ್ನು ಬರೆದು ಹಾಕಿದರು: ಆತ್ಮ ಯಂತ್ರದ್ದಲ್ಲ, ಫ್ರಿಜ್ಜಿನದು. ಬಳಗದವರೆಲ್ಲ ನಿಟ್ಟುಸಿರು ಬಿಟ್ಟರು. ಆಮೇಲೆ ಒರಿಜಿನಲ್ ಕೇಳಿದರು: "ಫ್ರಿಜ್ ಯಾವ ಮಾಡೆಲ್? ಸ್ಕ್ರೂ ಒರಿಜಿನಲ್ಲಾ?"

ಆದರೆ ಗೆದ್ದ ಯಂತ್ರದ ಮುಂದೆ ಕೂತರೆ ಸಾಹೇಬರಿಗೆ ಕೈಯೇ ಓಡಲಿಲ್ಲ. ಸ್ವರ ಮೊಳಗುತ್ತಿತ್ತು, ಅಷ್ಟೇ. ಗೋಡೆ ಗುದ್ದಿ ನೋಡಿದರು. ಬಟ್ಟೆ ಒಗೆಯುವ ಯಂತ್ರವನ್ನು ತಂದು ಪಕ್ಕದಲ್ಲಿ ಓಡಿಸಿದರು. ಅದರ ನಡುಕದಲ್ಲಿ ಬರೀ ಅವಸರವಿತ್ತು, ವೇದನೆಯಿರಲಿಲ್ಲ. ಹೊಸ ಫ್ರಿಜ್ಜಿಗೆ ಕಿವಿಯಿಟ್ಟರು. ಅದು ಅವರನ್ನು ಗುರುತೇ ಇಲ್ಲದವರಂತೆ ನಡೆಸಿಕೊಂಡಿತು. ಹಳೆಯದನ್ನು ವಾಪಸ್ ಕೊಡಿ ಎಂದು ಭಾವನಿಗೆ ಫೋನ್ ಮಾಡಿದರೆ, "ಸಿನಿಮಾದಲ್ಲಿ ಹಾಡಿದ ಫ್ರಿಜ್ಜು ಕಣಯ್ಯಾ, ಕೊಡೋಕಾಗುತ್ತಾ?" ಎಂಬ ಉತ್ತರ ಬಂತು.

ಒಂದು ಬೆಳಿಗ್ಗೆ ಸಾಹೇಬರೇ ಯಂತ್ರಕ್ಕೆ ಶಾಲು ಹೊದಿಸಿದರು.

"ಎಲ್ಲಿಗ್ರೀ?"

"ಬೇಕರಿಗೆ. ಅಲ್ಲೇ ಇರ್ಲಿ. ಇಲ್ಲಿ ಅದಕ್ಕೆ ಉಸಿರು ಕಟ್ಟುತ್ತೆ."

"ನಾನೇನೂ ಹೋಗು ಅಂದಿಲ್ಲಪ್ಪ" ಎಂದ ಟೀಚರ್, ಶಾಲಿನ ಇನ್ನೊಂದು ತುದಿ ಹಿಡಿದು ಬಾಗಿಲವರೆಗೂ ಕೈಜೋಡಿಸಿದರು. ಮಧ್ಯಾಹ್ನದೊಳಗೆ ಮೇಜು ಕೋಣೆಯೊಳಗಿತ್ತು.

ಈಗ ಸಾಹೇಬರು ಸಂಜೆ ಇಲಾಖೆಯಿಂದ ನೇರ ಬೇಕರಿಗೆ ಹೋಗುತ್ತಾರೆ. ಏಪ್ರನ್ ಕಟ್ಟಿ, ಭಾವ ವಿಧಿಸಿದ ಷರತ್ತಿನಂತೆ ಮೊದಲು ಹಿಟ್ಟು ನಾದುತ್ತಾರೆ, ಆಮೇಲೆ ನಾದಕ್ಕೆ ಕೂರುತ್ತಾರೆ. ಓವನ್ ಆರಿದ ಮೇಲೆ, ಫ್ರಿಜ್ ಗುಡುಗುಡು ಎಂದಾಗ, ಕಣ್ಣು ಮುಚ್ಚಿ ಕೆಳಗಿನ ಸ್ವರವನ್ನು ಒತ್ತುತ್ತಾರೆ. ಮೊನ್ನೆಯಂತೂ ಅವರು ಹಿಂದೆಂದೂ ನುಡಿಸದಂತೆ ನುಡಿಸಿದರು. ಸ್ವರದ ಮೇಲೆ ಸ್ವರ, ಉಸಿರಿನ ಮೇಲೆ ಉಸಿರು, ಎದೆಯೊಳಗಿನದೆಲ್ಲ ಹೊರಬಂದ ಹಾಗೆ. ನುಡಿಸಿ ಮುಗಿಸಿ ಹಾಗೇ ಕೂತಿದ್ದಾಗ, ಅಂಗಡಿಯ ಮುಂಭಾಗದಿಂದ ಗಿರಾಕಿಯೊಬ್ಬರ ಧ್ವನಿ ಕೇಳಿಸಿತು.

"ಒಳಗೇನೋ ಭಯಂಕರ ನರಳ್ತಿದೆಯಲ್ಲ ಯಜಮಾನರೇ! ನಿಮ್ಮ ಫ್ರಿಜ್ ಹಾಳಾಗಿದೆ ಅಂತ ಕಾಣುತ್ತೆ, ಯಾರಿಗಾದ್ರೂ ತೋರಿಸಿ."

"ಫ್ರಿಜ್ ಚೆನ್ನಾಗೇ ಇದೆ ತಾಯಿ," ಎಂದರು ಭಾವ, ಬನ್ನು ಕಟ್ಟಿಕೊಡುತ್ತಾ. "ಅದು ನಮ್ಮ ಷಡ್ಡಕ."